ಪಾತ್ರೆ ಸದ್ದು, ಟೈರಿನ ಸದ್ದು
ಈ ಬೇಸಿಗೆಯಲ್ಲಿ ಆರ್‌ವಿ ಹಿಡಿದು ಹೊರಡಲಿರುವ ಫೀನಿಕ್ಸ್‌ನ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ



ಮಕ್ಕಳಿಗೆ ರಜೆ ಬಿದ್ದಿದೆ. ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿದ್ದಾರೆ. ಅವರಿಗೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕು, ಆಗುವುದಾದರೆ ಮಾನ್ಯುಮೆಂಟ್ ವ್ಯಾಲಿಯನ್ನೂ ತೋರಿಸಬೇಕು. ಆದರೆ ಹೋಟೆಲ್ ಊಟ ಅವರಿಗೆ ಎರಡು ಹೊತ್ತಿಗಿಂತ ಹೆಚ್ಚು ಸೇರುವುದಿಲ್ಲ. ದಾರಿಯಲ್ಲಿ ಬಚ್ಚಲುಮನೆ ಎಲ್ಲಿ ಸಿಗುತ್ತದೋ ಎಂಬ ಚಿಂತೆ ಬೇರೆ. ಆಗ ಯಾರಾದರೂ ಹೇಳುತ್ತಾರೆ, ಆರ್‌ವಿ ಬಾಡಿಗೆಗೆ ತಗೊಳ್ಳಿ, ಅಡುಗೆಮನೆ ಜೊತೆಯಲ್ಲೇ ಬರುತ್ತೆ ಅಂತ. ಈ ವರ್ಷ ನಮ್ಮ ಪರಿಚಯದವರಲ್ಲೇ ನಾಲ್ಕೈದು ಮನೆಯವರು ಹಾಗೆ ಹೊರಟಿದ್ದೀರಿ. ಬಾಡಿಗೆ ಎಷ್ಟು, ಕ್ಯಾಂಪ್‌ಗ್ರೌಂಡ್ ಯಾವುದು ಎಂದೆಲ್ಲ ನನ್ನನ್ನು ಕೇಳಿದ್ದೀರಿ. ಗಾಡಿಯ ಸದ್ದಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ನಾನೂ ಮೊದಲ ಸಲ ಕೇಳಿರಲಿಲ್ಲ. ಅದಕ್ಕೇ ಈ ಪತ್ರ.

ಬಾಡಿಗೆ ಕಂಪನಿಯ ಡಿಪೋ ಗೇಟು ದಾಟಿ ಮೊದಲ ಹಂಪು ಹತ್ತಿ ಇಳಿಯುತ್ತಿದ್ದಂತೆ ನಿಮ್ಮ ಬೆನ್ನ ಹಿಂದೆ ಇಡೀ ಅಡುಗೆಮನೆ ಕುಸಿದುಬಿದ್ದ ಹಾಗೆ ಕೇಳಿಸುತ್ತದೆ. ಗಾಬರಿಯಾಗಬೇಡಿ, ಏನೂ ಬಿದ್ದಿರುವುದಿಲ್ಲ. ಒಲೆಯ ಮೇಲಿನ ಕಬ್ಬಿಣದ ಜಾಲರಿ ಎದ್ದು ಕೂತಿರುತ್ತದೆ. ಮೈಕ್ರೋವೇವ್ ಒಳಗಿನ ಗಾಜಿನ ತಟ್ಟೆ ಒಂದು ಸಲ ಹಾರಿರುತ್ತದೆ. ಡ್ರಾಯರಿನಲ್ಲಿದ್ದ ಸೌಟು, ಚಮಚಗಳೆಲ್ಲ ಒಟ್ಟಿಗೆ ಮುಂದಕ್ಕೆ ಜರುಗಿರುತ್ತವೆ.

ನಾವು ಬಾಡಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಕ್ಲಾಸ್ ಸಿ ಎನ್ನುವ ಗಾಡಿ, ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಅದು. ಅದರ ಕೆಳಗಿನ ಅರ್ಧ ಲಾರಿ. ಹಲವು ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದವು. ಮನೆ, ಸಾಮಾನು, ಜನ ಎಲ್ಲ ಸೇರಿ 14,500 ಪೌಂಡ್, ಅಂದರೆ ಸುಮಾರು ಆರೂವರೆ ಟನ್ ಭಾರಕ್ಕೆ ಮಾಡಿದ್ದು. ಹಿಂದೆ ಜೋಡಿ ಟೈರು, ಲಾರಿಗಿರುವಂಥದೇ ಪಟ್ಟಿ ಸ್ಪ್ರಿಂಗು. ಮೇಲಿನ ಅರ್ಧ ಮನೆ. ಈ ದೇಶದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಭಾರ ಕಡಿಮೆಯಿರಲಿ ಎಂದು ತೆಳು ಪ್ಲೈವುಡ್ಡು, ಸ್ಟೇಪಲ್ ಪಿನ್ನು, ಸಣ್ಣ ಸ್ಕ್ರೂಗಳಲ್ಲೇ ಕಪಾಟು, ಮಂಚ ಎಲ್ಲವನ್ನೂ ಜೋಡಿಸಿರುತ್ತಾರೆ. ಲಾರಿಯ ಮೇಲೆ ಕೂರಿಸಿದ ಇಂಥ ಮನೆ ಗಂಟೆಗೆ 60 ಮೈಲಿ ಓಡುವಾಗ ಸದ್ದು ಮಾಡದೆ ಇರುವುದು ಸಾಧ್ಯವಿಲ್ಲ. ಸದ್ದು ಇದೆ ಎಂದ ಮಾತ್ರಕ್ಕೆ ಗಾಡಿ ಕೆಟ್ಟಿದೆ ಎಂದಲ್ಲ.

ಆದರೆ ಇಷ್ಟು ತಿಳಿದ ಮೇಲೆ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. 'ಆರ್‌ವಿ ಅಂದ್ರೆ ಹೀಗೇ' ಅಂತ ಹಾಡಿನ ವಾಲ್ಯೂಮ್ ಏರಿಸಿಬಿಡುತ್ತೇವೆ. 2019ರ ಜೂನ್‌ನಲ್ಲಿ ಅಪ್ಪ-ಅಮ್ಮನ ಜೊತೆ ಹೊರಟಾಗ ನಾನು ಮಾಡಿದ್ದೂ ಅದನ್ನೇ.

ಮೊದಲ ದಿನ ಎಲ್ಲವೂ ಹೊಸದು. ಐ-17ರಲ್ಲಿ ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿ ಸನ್‌ಸೆಟ್ ಪಾಯಿಂಟ್ ಏರು ಹತ್ತುವಾಗ ಇಂಜಿನ್ ಹೋ ಎಂದು ಅರಚತೊಡಗಿತು. ಅದು ಕೆಟ್ಟ ಸದ್ದಲ್ಲ. ಭಾರ ಹೊತ್ತು ಏರುವಾಗ ಗೇರು ತಾನಾಗಿ ಕೆಳಗಿಳಿಯುತ್ತದೆ, ಇಂಜಿನ್ ಜೋರಾಗಿ ತಿರುಗುತ್ತದೆ. ಟೆಂಪರೇಚರ್ ಮುಳ್ಳು ನಡುವೆ ಇರುವವರೆಗೆ ಅರಚಲಿ ಬಿಡಿ, ಬಲಗಡೆ ಲೇನಿನಲ್ಲಿ ನಿಧಾನಕ್ಕೆ ಹತ್ತಿ. ಫ್ಲ್ಯಾಗ್‌ಸ್ಟಾಫ್ ಹತ್ತಿರ ಬರುತ್ತಿದ್ದಂತೆ ಹಿಂದೆ 'ಟಪ್' ಎಂದಿತು. ಅಪ್ಪ ಎದೆ ಹಿಡಿದುಕೊಂಡರು. ನೋಡಿದರೆ ಚಕ್ಕುಲಿ ಪ್ಯಾಕೆಟ್. ಸಾವಿರದ ನೂರು ಅಡಿಯ ಫೀನಿಕ್ಸ್‌ನಲ್ಲಿ ಸೀಲಾದ ಪ್ಯಾಕೆಟ್ಟು ಏಳು ಸಾವಿರ ಅಡಿ ಎತ್ತರಕ್ಕೆ ಬಂದರೆ ಉಬ್ಬಿ ಒಡೆಯಬಹುದು. ಮೊಸರಿನ ಡಬ್ಬಿಯ ಮುಚ್ಚಳವೂ ಹಾಗೇ. ಅವನ್ನು ಹೊರಡುವಾಗಲೇ ಒಮ್ಮೆ ತೆಗೆದು ಗಾಳಿ ಬಿಡಿ, ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ.

ಮೂರನೇ ದಿನ ಪೇಜ್ ಊರಿನಿಂದ ಕಯೆಂಟಾ ಕಡೆಗೆ ಹೊರಟೆವು. ಅರಿಜೋನಾದ 98ನೇ ನಂಬರಿನ ರಸ್ತೆ, ಎರಡೇ ಲೇನು, ನವಾಹೋ ಜನರ ನೆಲದ ಮೇಲೆ ಸುಮಾರು ನೂರು ಮೈಲಿ ಪ್ರಯಾಣ. ನಾನು ಓಡಿಸುತ್ತಿದ್ದೆ, ನಮ್ಮನೆಯವರು ಪಕ್ಕದಲ್ಲಿದ್ದರು. ಅಪ್ಪ, ಅಮ್ಮ, ಮಗಳು ಹಿಂದೆ ಊಟದ ಮೇಜಿನ ಸೀಟುಗಳಲ್ಲಿ ಬೆಲ್ಟ್ ಹಾಕಿ ಕೂತಿದ್ದರು. ಒಲೆಯ ಜಾಲರಿ ಖಣಖಣ ಎನ್ನುತ್ತಿತ್ತು, ಕಪಾಟುಗಳು ಕಟಕಟ ಎನ್ನುತ್ತಿದ್ದವು, ಇವೆರಡನ್ನೂ ಮುಚ್ಚುವಷ್ಟು ಜೋರಾಗಿ ನಾನು ರಾಜ್‌ಕುಮಾರ್ ಹಾಡುಗಳನ್ನು ಹಾಕಿದ್ದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಅಮ್ಮನ ದನಿ ಕೇಳಿತು.

"ಇದು ಪಾತ್ರೆ ಸದ್ದಲ್ಲ ಕಣೇ."

"ಮತ್ತೇನಮ್ಮಾ?"

"ಪಾತ್ರೆ ಸದ್ದು ರಸ್ತೆ ನೋಡ್ಕೊಂಡು ಬರುತ್ತೆ. ಗುಂಡಿ ಸಿಕ್ರೆ ಜಾಸ್ತಿ, ಇಲ್ದಿದ್ರೆ ಕಮ್ಮಿ. ಇದು ತಾಳ ಹಾಕ್ಕೊಂಡು ಬರ್ತಿದೆ. ನನ್ನ ಕಾಲ ಕೆಳಗಿಂದ."

ಹಾಡು ನಿಲ್ಲಿಸಿದೆ. ರಸ್ತೆ ಬದಿ ಅಗಲವಾಗಿದ್ದ ಕಡೆ ಗಾಡಿ ಹಾಕಿ, ಅಮ್ಮನ ಹಳೇ ಹತ್ತಿ ಸೀರೆಯನ್ನು ಒಲೆಯ ಜಾಲರಿಗೆ ಸುತ್ತಿ, ಕಿಟಕಿ ತೆಗೆದು, ಬದಿಯಲ್ಲೇ ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ಬಿಟ್ಟೆ. ಆಗ ನನಗೂ ಕೇಳಿತು: ದಬ್... ದಬ್... ದಬ್. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ದಬ್‌ದಬ್‌ದಬ್. ಇಳಿದು ನೋಡಿದರೆ ಹೊರಗಿನ ಟೈರುಗಳೆಲ್ಲ ಚೆನ್ನಾಗಿದ್ದವು. ಅಪ್ಪ ಮೊಣಕಾಲೂರಿ, ಟಾರ್ಚ್ ಹಿಡಿದು, ಹಿಂದಿನ ಜೋಡಿಯ ಒಳಗಿನ ಟೈರಿನ ಮೇಲೆ ಬೆಳಕು ಬಿಟ್ಟರು. ರಬ್ಬರು ಅಂಗೈ ಅಗಲಕ್ಕೆ ಉಬ್ಬಿ ನಿಂತಿತ್ತು. ಉಬ್ಬಿನ ಅಂಚಿನಲ್ಲಿ ಒಂದು ಸೀಳು, ಸೀಳಿನೊಳಗೆ ತಂತಿ ಮಿನುಗುತ್ತಿತ್ತು.

ಸಹಾಯದ ಗಾಡಿ ಬರಲು ನಾಲ್ಕು ಗಂಟೆ ಹಿಡಿಯಿತು. ಅಷ್ಟರಲ್ಲಿ ಅಮ್ಮ ಅನ್ನ-ಸಾರು ಮಾಡಿದಳು. ದಾರಿಯಲ್ಲಿ ಹೋಗುತ್ತಿದ್ದ ಪಿಕಪ್ ಟ್ರಕ್ಕಿನ ಇಬ್ಬರು ನಿಲ್ಲಿಸಿ, ನೀರು ಇದೆಯಾ ಎಂದು ವಿಚಾರಿಸಿಕೊಂಡು ಹೋದರು. ಟೈರು ಬಿಚ್ಚಿದ ಮೆಕ್ಯಾನಿಕ್ ಅದರ ಬದಿಯ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದ. 'DOT' ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ, 2311. ಅಂದರೆ 2011ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು, ಎಂಟು ವರ್ಷ ಹಳೆಯದು. ಮೇಲಿನ ಗೀಟುಗಳು ಸವೆದೇ ಇರಲಿಲ್ಲ. ಆರ್‌ವಿ ಟೈರು ಓಡಿ ಸವೆಯುವುದಕ್ಕಿಂತ ಬಿಸಿಲಿನಲ್ಲಿ ನಿಂತು ಮುದಿಯಾಗುವುದೇ ಹೆಚ್ಚು, ನಮ್ಮ ಅರಿಜೋನಾ ಬಿಸಿಲಂತೂ ಕೇಳಲೇಬೇಡಿ. ಒಳಗೆ ಉಕ್ಕಿನ ಪಟ್ಟಿಯಿಂದ ರಬ್ಬರು ಬಿಟ್ಟುಕೊಳ್ಳುತ್ತದೆ. ಹೆದ್ದಾರಿ ವೇಗದಲ್ಲಿ ಅದು ಕಿತ್ತುಬಂದರೆ ಚಾಟಿಯ ಹಾಗೆ ಬಡಿಯುತ್ತದೆ. ಚಕ್ರದ ಮೇಲಿನ ನೆಲವನ್ನೇ ಒಡೆಯಬಹುದು, ಅಲ್ಲಿ ಹಾದುಹೋಗುವ ಪೈಪು, ವೈರುಗಳನ್ನು ಹರಿಯಬಹುದು. ನಮ್ಮ ಗಾಡಿಯಲ್ಲಿ ಆ ನೆಲದ ಮೇಲೆ ನನ್ನ ಅಮ್ಮ ಕೂತಿದ್ದಳು.

ರಾತ್ರಿ ಅಮ್ಮನನ್ನು ಕೇಳಿದೆ, ಯಾವಾಗಿನಿಂದ ಕೇಳಿಸುತ್ತಿತ್ತು ಅಂತ. "ಬೆಳಗ್ಗೆಯಿಂದ. ಗಾಡಿ ಓಡಿಸೋಳಿಗೆ ಯಾಕೆ ಗಾಬರಿ ಮಾಡೋದು ಅಂತ ಸುಮ್ಮನಿದ್ದೆ." ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ. ನಮ್ಮ ಹಿರಿಯರು ಮಕ್ಕಳ ಖರ್ಚಿನಲ್ಲಿ ಬಂದಿದ್ದೇವೆ, ಅವರಿಗೆ ತೊಂದರೆ ಕೊಡಬಾರದು ಎಂದುಕೊಂಡು ಕೂತಿರುತ್ತಾರೆ. ಮುಂದೆ ಕೂತ ನಮಗೆ ಕೇಳುವುದು ಇಂಜಿನ್ ಮಾತ್ರ. ಉಳಿದದ್ದೆಲ್ಲ ಕೇಳುವುದು ಹಿಂದೆ ಕೂತ ಅವರಿಗೆ. ದಯವಿಟ್ಟು ಪ್ರತಿ ಸಲ ನಿಲ್ಲಿಸಿದಾಗಲೂ ಅವರನ್ನು ಬಾಯಿಬಿಟ್ಟು ಕೇಳಿ: ಏನು ಸದ್ದು ಬರ್ತಿದೆ, ಎಲ್ಲಿಂದ, ಬೆಳಗ್ಗೆ ಇತ್ತಾ?

ಅಮ್ಮ ಹೇಳಿದ ಆ ಒಂದು ಭೇದವೇ ನಾನು ನಿಮಗೆ ಹೇಳಬೇಕಾದದ್ದು. ರಸ್ತೆಗೆ ಕುಣಿಯುವ ಸದ್ದು ಬೇರೆ, ಚಕ್ರಕ್ಕೆ ಕುಣಿಯುವ ಸದ್ದು ಬೇರೆ. ಮೊದಲನೆಯದು ಮನೆಯದು. ಗುಂಡಿಗೆ, ತಿರುವಿಗೆ, ಬ್ರೇಕಿಗೆ ಹೆಚ್ಚಾಗುತ್ತದೆ, ನುಣುಪು ರಸ್ತೆಯಲ್ಲಿ ತಣ್ಣಗಾಗುತ್ತದೆ. ಎರಡನೆಯದು ಲಾರಿಯದು. ವೇಗ ಹೆಚ್ಚಿದಂತೆ ಅದರ ತಾಳವೂ ಹೆಚ್ಚುತ್ತದೆ. ಮೊದಲನೆಯದರ ಬಾಯಿಯನ್ನು ಹೊರಡುವ ಮುಂಚೆಯೇ ಮುಚ್ಚಿಸಬೇಕು, ಎರಡನೆಯದು ಕಿವಿಗೆ ಬೀಳಲಿ ಎಂದು.

ಇಲ್ಲಿ ಒಂದು ಎಚ್ಚರಿಕೆ. ಕಾಂಕ್ರೀಟ್ ರಸ್ತೆಯ ಸಂದುಗಳು, ಸೇತುವೆಗಳ ಸಂದುಗಳು ಕೂಡ ದಡಕ್ ದಡಕ್ ಎಂದು ತಾಳ ಹಾಕುತ್ತವೆ, ಅವೂ ವೇಗಕ್ಕೆ ತಕ್ಕಂತೆ ಬದಲಾಗುತ್ತವೆ. ರಸ್ತೆ ಡಾಂಬರಿಗೆ ತಿರುಗಿದ ಮೇಲೂ ಅದೇ ತಾಳ ಬರುತ್ತಿದ್ದರೆ ಮಾತ್ರ ಅದು ನಿಮ್ಮ ಗಾಡಿಯದು.

ಸದ್ದನ್ನು ಹುಡುಕಲು ನಮಗೆ ಕನ್ನಡವೇ ದೊಡ್ಡ ಸಹಾಯ. ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡಿ 'ನಾಯ್ಸ್' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ಒಂದೊಂದು ವಸ್ತುವಿಗೂ ಅದರದೇ ಸದ್ದು ಇದೆ. ಖಣಖಣ ಎಂದರೆ ಲೋಹ, ಕಟಕಟ ಎಂದರೆ ಮರ. ಕಿರ್ರ್ ಎಂದರೆ ಒಂದಕ್ಕೊಂದು ಉಜ್ಜುತ್ತಿದೆ, ಲೊಟಲೊಟ ಎಂದರೆ ಸ್ಕ್ರೂ ಸಡಿಲವಾಗಿದೆ. ಪಟಪಟ ಎಂದರೆ ಬಟ್ಟೆ, ಗುಂಯ್ ಎಂದರೆ ತಿರುಗುವ ವಸ್ತು, ಬುಸ್ ಎಂದರೆ ಗಾಳಿ ಅಥವಾ ಗ್ಯಾಸು. ಮನೆಯವರೆಲ್ಲ ಮೊದಲು ಆ ಸದ್ದನ್ನು ಬಾಯಿಂದ ಮಾಡಿ ತೋರಿಸಿ, ಆಮೇಲೆ ಹುಡುಕಿ. ನನ್ನ ಮಗಳು ಆಗ ಏಳು ವರ್ಷದವಳು, ಬಚ್ಚಲಿನ ಶವರ್ ಪೈಪು ಗೋಡೆಗೆ ಬಡಿಯುವುದನ್ನು 'ಟೊಣ್' ಎಂದೇ ಅನುಕರಿಸಿ ಕಂಡುಹಿಡಿದಳು.

ಹುಡುಕುವ ಆತುರಕ್ಕೆ ಗಾಡಿ ಓಡುವಾಗ ಯಾರೂ ಬೆಲ್ಟ್ ಬಿಚ್ಚಿ ಎದ್ದು ಓಡಾಡಬೇಡಿ. ಬ್ರೇಕ್ ಒತ್ತಿದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಅನುಮಾನವಿರುವ ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚಿ, ಒಂದು ಮೈಲಿ ಓಡಿಸಿ, ನಿಲ್ಲಿಸಿ ಕೇಳಿ. ಮುಂದಿನ ಮೈಲಿಗೆ ಇನ್ನೊಂದು ಕಪಾಟು. ನಿಂತಿದ್ದಾಗ ಮುಷ್ಟಿಯಿಂದ ಕಪಾಟಿನ ಬದಿಗೆ ಗುದ್ದಿದರೂ ಎಷ್ಟೋ ಸದ್ದುಗಳು ಸಿಕ್ಕಿಬೀಳುತ್ತವೆ.

ಇನ್ನು ಬಾಯಿಮುಚ್ಚಿಸುವ ವಿಷಯ. ಅಂಗಡಿಯಲ್ಲಿ ಕಪಾಟಿಗೆ ಹಾಸುವ ಜಾರದ ರಬ್ಬರ್ ಹಾಳೆ ಸುರುಳಿಯಲ್ಲಿ ಸಿಗುತ್ತದೆ, ಒಂದು ಸುರುಳಿ ತನ್ನಿ. ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ನೀಲಿ ಟೇಪು ತನ್ನಿ, ಕಿತ್ತರೆ ಅಂಟು ಉಳಿಯುವುದಿಲ್ಲ, ಡಿಪಾಸಿಟ್ಟಿಗೆ ತೊಂದರೆಯಿಲ್ಲ. ತಲೆಯಲ್ಲಿ ಚೌಕ ತೂತಿರುವ ಸ್ಕ್ರೂ ತಿರುಗಿಸುವ ಸ್ಕ್ರೂಡ್ರೈವರ್ ಒಂದಿರಲಿ, ಆರ್‌ವಿಗಳಲ್ಲಿ ಆ ಥರದ ಸ್ಕ್ರೂಗಳೇ ಹೆಚ್ಚು. ಕೈಗೆ ಬಿಗಿಯಾಗುವಷ್ಟು ತಿರುಗಿಸಿದರೆ ಸಾಕು, ಪ್ಲೈವುಡ್ಡು ತೆಳು, ಜಾಸ್ತಿ ತಿರುಗಿಸಿದರೆ ತೂತೇ ಸಡಿಲವಾಗುತ್ತದೆ. ಎಣ್ಣೆ ಸ್ಪ್ರೇ ಮಾತ್ರ ಮುಟ್ಟಬೇಡಿ. ಬಾಡಿಗೆ ಗಾಡಿಯ ರಬ್ಬರು ಅಂಚುಗಳಿಗೆ ಅದು ಒಳ್ಳೆಯದಲ್ಲ, ಮರುಭೂಮಿಯ ಧೂಳೆಲ್ಲ ಅದಕ್ಕೇ ಬಂದು ಕೂರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಮ್ಮನ ಆ ಹಳೇ ಹತ್ತಿ ಸೀರೆ. ಒಗೆದು ಒಗೆದು ಮೆತ್ತಗಾದ ನೀಲಿ ಸೀರೆ. ಕಯೆಂಟಾದ ರಾತ್ರಿ ಅಮ್ಮ ಅದನ್ನು ಗೇಣಗಲದ ತುಂಡುಗಳಾಗಿ ಹರಿದಳು. ಸ್ಟೀಲ್ ತಟ್ಟೆಗಳ ನಡುವೆ ಒಂದೊಂದು ತುಂಡು, ಲೋಟಗಳಿಗೆ ಒಳಗೊಂದು ತುಂಡು. ಮೈಕ್ರೋವೇವ್ ತಟ್ಟೆಯನ್ನು ಹೊರತೆಗೆದು ಸುತ್ತಿ ಹಾಸಿಗೆಯ ಕೆಳಗಿಟ್ಟಳು. ಕುಕ್ಕರಿನ ಹೊಟ್ಟೆಗೆ ಬೇಳೆ ಪೊಟ್ಟಣಗಳನ್ನು ತುಂಬಿ, ವೆಯ್ಟನ್ನು ಬಟ್ಟೆಯಲ್ಲಿ ಗಂಟು ಹಾಕಿ ಅದರೊಳಗೇ ಇಟ್ಟಳು. ಸಾಂಬಾರ ಡಬ್ಬಿಯ ಬಟ್ಟಲುಗಳನ್ನು ಕಂಠಪೂರ್ತಿ ತುಂಬಿ, ಮೇಲೆ ಒಂದು ಮಡಿಕೆ ಬಟ್ಟೆ ಹಾಸಿ ಮುಚ್ಚಳ ಒತ್ತಿದಳು. ಅರ್ಧ ಖಾಲಿಯಿರುವ ಡಬ್ಬಿಯೇ ಹೆಚ್ಚು ಸದ್ದು ಮಾಡುವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಫ್ರಿಜ್ಜಿನ ಬಾಗಿಲಿನ ಉಪ್ಪಿನಕಾಯಿ ಬಾಟಲಿಗಳ ಸಂದಿಗೂ ಬಟ್ಟೆ ಬಿತ್ತು. ಬಟ್ಟೆ ಅಲಮಾರಿಯ ಖಾಲಿ ಹ್ಯಾಂಗರುಗಳನ್ನು ತೆಗೆದು ಕಟ್ಟಿಟ್ಟೆವು. ಕಿಟಕಿಯ ಪರದೆಗಳನ್ನು ಪೂರ್ತಿ ಮೇಲೆತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. ಮರುದಿನ ಗಾಡಿಯೊಳಗೆ ಅಪ್ಪ ಎರಡು ಗಂಟೆ ನಿದ್ದೆ ಮಾಡಿದರು.

ಒಲೆಯ ಜಾಲರಿಯ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಜಾಲರಿಯನ್ನು ಒಲೆಯಿಂದ ಎತ್ತಿ, ಸುತ್ತಿ, ಸಿಂಕಿನೊಳಗೆ ಇಡಿ. ಬಟ್ಟೆಯನ್ನು ಒಲೆಯ ಮೇಲೇ ಬಿಡಬೇಡಿ. ನಾವು ಅವತ್ತು ರಸ್ತೆಬದಿಯಲ್ಲಿ ಹಾಗೆ ಬಿಟ್ಟದ್ದು ತಪ್ಪು. ಸಂಜೆ ದಣಿದು ಬಂದು ಕಾಫಿಗೆಂದು ಕೈ ನೇರ ಒಲೆಯ ಕಿವಿಗೆ ಹೋಗುತ್ತದೆ. ಜಾಲರಿ ಸಿಂಕಿನಲ್ಲಿದ್ದರೆ ಪಾತ್ರೆ ಇಡಲು ಜಾಗವೇ ಇರುವುದಿಲ್ಲ, ನೆನಪಾಗುತ್ತದೆ.

ಈಗ ನಿಲ್ಲಿಸಲೇಬೇಕಾದ ಸದ್ದುಗಳು. ದಬ್ ದಬ್ ಬಗ್ಗೆ ಹೇಳಿದೆ. ಟಕ್ ಟಕ್ ಎಂದು ಚಕ್ರದ ತಾಳಕ್ಕೆ ಬಂದರೆ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿರಬಹುದು. ಸಣ್ಣದೆಂದು ಬಿಡಬೇಡಿ, ಅದು ಎರಡೂ ಟೈರಿನ ಬದಿಯನ್ನು ಕೊರೆಯುತ್ತದೆ. ಗುಂಯ್ ಎಂಬ ಸದ್ದು ವೇಗದ ಜೊತೆ ಏರುತ್ತಾ, ಎಡಕ್ಕೆ ಬಲಕ್ಕೆ ತಿರುಗಿಸಿದಾಗ ದನಿ ಬದಲಾಯಿಸಿದರೆ ಚಕ್ರದ ಬೇರಿಂಗ್ ಇರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಕರಕರ ಎಂದರೆ ಲೋಹಕ್ಕೆ ಲೋಹ ತಾಗುತ್ತಿದೆ. ಇವುಗಳಲ್ಲಿ ಯಾವುದು ಬಂದರೂ ಮುಂದಿನ ಊರಿನವರೆಗೆ ಹೋಗೋಣ ಎಂದುಕೊಳ್ಳಬೇಡಿ, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಫೋನ್ ಮಾಡಿ. ಟೈರಿನ ಗಾಳಿಯನ್ನು ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲಿರುವಷ್ಟೇ ಇಡಿ, ಬೆಳಗ್ಗೆ ಟೈರು ತಣ್ಣಗಿದ್ದಾಗ ನೋಡಿ.

ಪಟಪಟ ಹೊರಗಿನಿಂದ ಬಂದರೆ ಅದು ಬದಿಯಲ್ಲಿ ಸುತ್ತಿಟ್ಟ ಆನಿಂಗ್, ಬಟ್ಟೆಯ ಚಪ್ಪರ. ಪೇಜ್ ಸುತ್ತಲಿನ ಬಯಲು ಗಾಳಿಗೆ ಅದು ಬಿಚ್ಚಿಕೊಂಡರೆ ಪಕ್ಕದ ಲೇನಿನವರಿಗೂ ಅಪಾಯ. ಅದಕ್ಕೂ ನಿಲ್ಲಿಸಿ.

ಬುಸ್ ಎಂಬ ಸದ್ದಿನ ಜೊತೆ ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕೆಂದು ಸಿಲಿಂಡರ್ ಇಟ್ಟು ಬೆಳೆದ ನಮಗೆ ಗೊತ್ತೇ ಇದೆ. ಸ್ವಿಚ್ ಮುಟ್ಟಬೇಡಿ, ಎಲ್ಲರೂ ಹೊರಗೆ, ಹೊರಗಿನಿಂದ ಟ್ಯಾಂಕಿನ ವಾಲ್ವ್ ಬಂದ್. ನಾನಂತೂ ಗಾಡಿ ಓಡುವಷ್ಟು ಹೊತ್ತೂ ಆ ವಾಲ್ವನ್ನು ಮುಚ್ಚಿಯೇ ಇಡುತ್ತೇನೆ.

ರಾತ್ರಿಯ ಸದ್ದುಗಳು ಎರಡೇ ಮುಖ್ಯ. ನಲ್ಲಿ ತೆಗೆದಾಗ ನೀರಿನ ಪಂಪು ಗರ್ ಎನ್ನುವುದು ಸಹಜ. ಯಾರೂ ನಲ್ಲಿ ಮುಟ್ಟದಿದ್ದರೂ ನಡುರಾತ್ರಿ ಒಂದೆರಡು ಕ್ಷಣ ಗರ್ ಎಂದು ನಿಂತರೆ ಎಲ್ಲೋ ನೀರು ಸೋರುತ್ತಿದೆ. ಪಂಪಿನ ಸ್ವಿಚ್ ಆರಿಸಿ ಮಲಗಿ, ಬೆಳಗ್ಗೆ ಹುಡುಕಿ. ಇನ್ನೊಂದು ಅಲಾರಂ. ಕಾರ್ಬನ್ ಮಾನಾಕ್ಸೈಡ್ ಅಲಾರಂ ನಿಮಿಷಕ್ಕೊಂದು ಸಲ ಸಣ್ಣಗೆ ಕೀಂವ್ ಎಂದರೆ ಬ್ಯಾಟರಿಯೋ ಅಲಾರಮ್ಮೋ ಹಳತಾಗಿದೆ ಎಂದರ್ಥ. ನಾಲ್ಕು ಬೀಪು, ಒಂದು ಬಿಡುವು, ಮತ್ತೆ ನಾಲ್ಕು ಬೀಪು ಎಂದರೆ ವಿಷಾನಿಲ. ಆಗ ನಿದ್ದೆಗಣ್ಣಿನಲ್ಲಿ ಬಟನ್ ಒತ್ತಿ ಸುಮ್ಮನಾಗಿಸಬೇಡಿ. ಮಕ್ಕಳು, ಹಿರಿಯರು ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ, ಅಲ್ಲಿಂದಲೇ 911ಕ್ಕೆ ಫೋನ್ ಮಾಡಿ. ಹೊರಡುವ ಮುಂಚೆ ಅಪ್ಪ-ಅಮ್ಮನಿಗೂ ಈ ಎರಡು ಸದ್ದಿನ ವ್ಯತ್ಯಾಸ ಹೇಳಿಕೊಡಿ, ರಾತ್ರಿ ಮೊದಲು ಎಚ್ಚರವಾಗುವುದು ಅವರಿಗೇ.

ಗಾಡಿ ತಗೊಳ್ಳುವ ದಿನ ಒಂದು ಕೆಲಸ ಮಾಡಿ. ಒಲೆ ಹೇಗೆ ಹಚ್ಚುವುದು, ಕೊಳಚೆ ನೀರು ಹೇಗೆ ಬಿಡುವುದು ಎಂದು ಅವರು ಅರ್ಧ ಗಂಟೆ ತೋರಿಸುತ್ತಾರೆ. ಅದು ಮುಗಿದ ಮೇಲೆ, ಕಾಗದಕ್ಕೆ ಸಹಿ ಹಾಕುವ ಮುಂಚೆ, ಹತ್ತು ನಿಮಿಷ ಓಡಿಸಿ ನೋಡಬೇಕು ಎಂದು ಕೇಳಿ. ಸಾಮಾನು ಏನೂ ಇಲ್ಲದ ಖಾಲಿ ಗಾಡಿ, ಹಾಡು ಬೇಡ, ಏಸಿ ಬೇಡ. ಒಬ್ಬರು ಹಿಂದೆ ಬೆಲ್ಟ್ ಹಾಕಿ ಕೂರಲಿ. ಆಗ ಕೇಳುವುದೇ ಗಾಡಿಯ ಸ್ವಂತ ಸದ್ದು, ಆಮೇಲೆ ಸೇರುವುದು ನಿಮ್ಮ ಸಾಮಾನಿನದು. ವಾಪಸು ಬಂದು ಆರೂ ಟೈರಿನ ನಾಲ್ಕು ಅಂಕಿ ಓದಿ. ಒಳಗಿನ ಟೈರುಗಳ ಅಂಕಿ ಓದಲು ಗಾಡಿಯ ಕೆಳಗೆ ಬಗ್ಗಬೇಕಾಗುತ್ತದೆ, ಕೆಲವೊಮ್ಮೆ ಅಂಕಿ ಒಳಬದಿಗೆ ತಿರುಗಿರುತ್ತದೆ. ಕಾಣದಿದ್ದರೆ ಅವರನ್ನೇ ಕೇಳಿ. ಆರೇಳು ವರ್ಷಕ್ಕಿಂತ ಹಳೆಯದು ಕಂಡರೆ ಬೇರೆ ಗಾಡಿ ಕೊಡಿ ಎನ್ನಿ. ಸಂಕೋಚ ಬೇಡ, ಕೊಡುತ್ತಿರುವುದು ನಿಮ್ಮ ದುಡ್ಡು.

ಮೊದಲ ದಿನದ ಪ್ರಯಾಣ ಚಿಕ್ಕದಿರಲಿ. ಫ್ಲ್ಯಾಗ್‌ಸ್ಟಾಫ್ ಸಾಕು, ತಂಪಾಗಿಯೂ ಇರುತ್ತದೆ.

ಅಮ್ಮ ಈ ವರ್ಷ ಬರುತ್ತಿಲ್ಲ, ತಿಪಟೂರಿನಲ್ಲೇ ಇದ್ದಾಳೆ, ಮೊಣಕಾಲು ನೋವು. ರಬ್ಬರ್ ಹಾಳೆ, ನೀಲಿ ಟೇಪು, ಸ್ಕ್ರೂಡ್ರೈವರ್, ಟಾರ್ಚ್, ಸೀರೆಯ ತುಂಡುಗಳು ಎಲ್ಲ ಒಂದು ಚೀಲದಲ್ಲಿ ನಮ್ಮ ಗ್ಯಾರೇಜಿನ ಬಾಗಿಲ ಪಕ್ಕ ನೇತುಹಾಕಿದ್ದೇನೆ. ಹೊರಡುವ ಹಿಂದಿನ ಸಂಜೆ ಬಂದು ತಗೊಂಡು ಹೋಗಿ. ಟೇಪು ಖರ್ಚಾದರೆ ಪರವಾಗಿಲ್ಲ. ಸೀರೆಯ ತುಂಡುಗಳು ಹದಿನಾಲ್ಕು ಇವೆ, ಒಗೆದು ಎಣಿಸಿ ವಾಪಸು ತನ್ನಿ, ಇನ್ನೊಂದು ಮನೆಯವರು ಜುಲೈನಲ್ಲಿ ಹೊರಡುವವರಿದ್ದಾರೆ.

ನಿಮ್ಮ,
ಒಂದು ಸಲ ಹಾಡಿನ ವಾಲ್ಯೂಮ್ ಏರಿಸಿದ್ದ ಗೆಳತಿ